ಕ್ಯಾಮೆರಾಕ್ಕೆ ಕಾಣದ ನೀಲಿ

೧೯೫೪, ಅಕ್ಟೋಬರ್ ೯, ಶನಿವಾರ

ಈ ಪುಸ್ತಕಕ್ಕೆ ಬೀಗ ಇದೆ. ಚರ್ಚಿನ ಲಾಟರಿಯಲ್ಲಿ ಡೆಲ್ಫೀನಾಳಿಗೆ ಬಂದದ್ದು. ಗುಲಾಬಿ ಬಣ್ಣದ ರಟ್ಟು, ಅದರ ಮೇಲೊಂದು ಬೆಕ್ಕಿನ ಮರಿ, ಪಕ್ಕದಲ್ಲಿ ಕಡಲೆಕಾಳಿನಷ್ಟು ಬೀಗ. “ಮಾವ, ನನ್ನ ಹತ್ರ ಗುಟ್ಟೇ ಇಲ್ಲ, ನೀನೇ ಇಟ್ಕೋ,” ಅಂದಳು. ನನ್ನ ಅಕ್ಕನ ಮಗಳು, ಹತ್ತೊಂಬತ್ತು ವರ್ಷ, ಅವಳಿಗೆ ಗುಟ್ಟಿಲ್ಲವಂತೆ. ಐವತ್ತೊಂದು ವರ್ಷದ ನನಗಿದೆಯಂತೆ! ನನಗೂ ಇಲ್ಲ. ಆದರೆ ಮುಂದೆ ಯಾರಾದರೂ ನನ್ನ ಜೀವನಚರಿತ್ರೆ ಬರೆಯಲು ಹೊರಟರೆ ಪಾಪ, ಅವರಿಗೆ ಸಾಮಗ್ರಿ ಬೇಕಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲನೆಯ ಸಾಮಗ್ರಿ: ನುಂಜಿಯೋ ಸ್ಪತಾರೋ ಬರೆದ ಹೆಂಗಸರು ಅಳುವ ಹಾಗೆ ನ್ಯೂಯಾರ್ಕಿನಲ್ಲಿ ಬೇರೆ ಯಾರು ಬರೆದ ಹೆಂಗಸರೂ ಅಳುವುದಿಲ್ಲ. ಸಿಸಿಲಿಯ ನಮ್ಮೂರಿನಲ್ಲಿ ಪಾದ್ರಿಯ ಕೈಲಿ ಕಿವಿ ಹಿಂಡಿಸಿಕೊಂಡು ಐದನೇ ಕ್ಲಾಸು ಮುಗಿಸಿ, ಕತ್ತೆಗಾಡಿಗಳ ಹಲಗೆಯ ಮೇಲೆ ಅಳುವ ದೇವಮಾತೆಯನ್ನು ಬರೆದು ಕೈ ಪಳಗಿಸಿಕೊಂಡವನು ನಾನು. ಮುದುಕಿಯರು ಗಾಡಿ ನಿಲ್ಲಿಸಿ ಶಿಲುಬೆ ಗುರುತು ಮಾಡಿಕೊಂಡು ಹೋಗುತ್ತಿದ್ದರು. ಕಣ್ಣೀರಿನ ಹನಿಗೆ ಎಲ್ಲರೂ ಒಂದು ಬಿಳಿ ಚುಕ್ಕಿ ಇಟ್ಟು ಕೈ ತೊಳೆದುಕೊಳ್ಳುತ್ತಾರೆ. ನಾನು ಎರಡು ಇಡುತ್ತೇನೆ. ಒಂದು ದೀಪದ್ದು, ಒಂದು ಅವಳ ಮನಸ್ಸಿನದ್ದು.

ಏಳು ವರ್ಷದಿಂದ ‘ನನ್ನ ಗುಟ್ಟಿನ ಕಣ್ಣೀರು’ ಎಂಬ ಪ್ರೇಮ ಕಾಮಿಕ್ಸಿಗೆ ಬರೆಯುತ್ತಿದ್ದೇನೆ. ಅದರಲ್ಲಿ ನನ್ನ ಹೆಸರು ಹಾಕುವುದಿಲ್ಲ. ಹಾಗಾಗಿ ಪ್ರತಿ ಕಥೆಯಲ್ಲೂ ಯಾವುದಾದರೊಂದು ಅಂಗಡಿಯ ಬೋರ್ಡಿನ ಮೇಲೆ ‘ಸ್ಪತಾರೋ ಮತ್ತು ಮಕ್ಕಳು’ ಎಂದು ಬರೆದುಬಿಡುತ್ತೇನೆ. ನನಗೆ ಅಂಗಡಿಯೂ ಇಲ್ಲ, ಮಕ್ಕಳೂ ಇಲ್ಲ. ಇರಲಿ, ಬೋರ್ಡಂತೂ ಇದೆ.

ಕೆಲಸ ಸಾಗುವುದು ಹೀಗೆ. ಡೆಲ್ಫೀನಾ ಊಟದ ಮೇಜಿನ ಹತ್ತಿರ ಕೂತು ಕಥೆಯನ್ನು ಒಂದು ಸಲ ಗಟ್ಟಿಯಾಗಿ ಓದುತ್ತಾಳೆ. ನಾನು ಪೆನ್ಸಿಲಿನಲ್ಲಿ ಚಿತ್ರ ಬರೆದು, ಮಾತಿನ ಗುಳ್ಳೆಗಳನ್ನು ಖಾಲಿ ಬಿಟ್ಟು ಆಫೀಸಿಗೆ ಕೊಡುತ್ತೇನೆ. ಅವರು ಅದನ್ನು ನಮ್ಮ ಬ್ರೂಕ್ಲಿನ್ನಿನದೇ ಬೇ ರಿಜ್‌ನಲ್ಲಿರುವ ಮಿಸೆಸ್ ಟ್ವೇಟ್ ಎಂಬಾಕೆಗೆ ಕಳಿಸುತ್ತಾರೆ. ಆಕೆ ಗುಳ್ಳೆಗಳಲ್ಲಿ ಶಾಯಿಯಿಂದ ಅಕ್ಷರ ತುಂಬುತ್ತಾಳೆ. ಹಾಳೆ ನನ್ನ ಹತ್ತಿರ ವಾಪಸು ಬರುತ್ತದೆ. ನಾನು ಚಿತ್ರಕ್ಕೆ ಶಾಯಿ ಹಾಕಿ, ಪೆನ್ಸಿಲ್ ಗೆರೆಗಳನ್ನು ರಬ್ಬರಿನಿಂದ ಉಜ್ಜಿ ಮುಗಿಸುತ್ತೇನೆ. ಗುಳ್ಳೆಯೊಳಗಿನ ಮಾತನ್ನು ಏಳು ವರ್ಷದಲ್ಲಿ ಒಂದೇ ಒಂದು ಸಲವೂ ಓದಿಲ್ಲ. ಚಿತ್ರ ಬರೆಯುವವನು ಮಾತು ಓದುತ್ತ ಕೂತರೆ ಬಾಣಸಿಗ ಅಡುಗೆ ಬಿಟ್ಟು ಬಿಲ್ ಬರೆಯುತ್ತ ಕೂತ ಹಾಗೆ.

ಅಕ್ಟೋಬರ್ ೧೪, ಗುರುವಾರ

ಮಿಸೆಸ್ ಟ್ವೇಟ್ ಹಾಳೆಗಳನ್ನು ಕಳಿಸಿದ್ದಾಳೆ. ಅಂಚಿನಲ್ಲಿ ತಿಳಿನೀಲಿ ಪೆನ್ಸಿಲಿನಲ್ಲಿ ಹೀಗಿತ್ತು: “ಮಿಸ್ಟರ್ ಸ್ಪತಾರೋ, ಮೂರನೇ ಚೌಕದ ಟೈಪಿಸ್ಟ್ ಹುಡುಗಿಗೆ ಆರು ಬೆರಳು. ಪ್ರೀತಿಸಿದವರಿಗೆ ಬೆರಳು ಚಿಗುರುತ್ತಾ?”

ಎಣಿಸಿದೆ. ಆರೇ ಇದ್ದವು.

ಕೆಳಗೆ ನಾನೂ ನೀಲಿಯಲ್ಲಿ ಬರೆದೆ: “ನಿಮ್ಮ ಕಣ್ಣು ಪರೀಕ್ಷೆ ಮಾಡೋಕೆ ಬೇಕಂತಲೇ ಹಾಕಿದ್ದು. ಪಾಸಾಗಿದ್ದೀರಿ.”

ಈ ತಿಳಿನೀಲಿ ಅಚ್ಚಿನ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಮ್ಮ ಕಸುಬಿನವರೆಲ್ಲ ಹಾಳೆಯ ಅಂಚಿನಲ್ಲಿ ಅದರಲ್ಲೇ ಸೂಚನೆ ಬರೆದುಕೊಳ್ಳುವುದು. ‘ಬಾಗಿಲು ಎಡಕ್ಕಿರಲಿ’, ‘ಗಡಿಯಾರ ಮರೆತಿದೆ’, ಇಂಥವು. ಈ ಹೆಂಗಸು ಮಾತ್ರ ಅದರಲ್ಲಿ ಜಗಳ ಆಡುತ್ತಾಳೆ. ಬಲು ಗಟ್ಟಿ ಬಾಯಿ. ನಾರ್ವೆಯವಳು. ಗಂಡ ಹಡಗಿನ ಬಡಗಿ, ಯುದ್ಧದಲ್ಲಿ ಹಡಗಿನ ಜೊತೆಗೇ ಹೋದ.

ಅವಳನ್ನು ನೋಡಿದ್ದು ಒಂದೇ ಸಲ, ಏಳು ವರ್ಷದ ಹಿಂದೆ, ನಮ್ಮ ಸಂಪಾದಕ ಜೆಲ್ನಿಕ್ ಆಫೀಸಿನಲ್ಲಿ. ನಾನು ನನ್ನ ಹಸಿರು ಟೋಪಿ ಹಾಕಿಕೊಂಡಿದ್ದೆ. ಕಾಡುಕೋಳಿಯ ಗರಿ ಸಿಕ್ಕಿಸಿದ ಟೋಪಿ, ಇಡೀ ಬ್ರೂಕ್ಲಿನ್‌ನಲ್ಲಿ ಅಂಥದು ಇನ್ನೊಂದಿಲ್ಲ. ಅವಳು ತಲೆಯಿಂದ ಕಾಲಿನವರೆಗೆ ನನ್ನನ್ನು ನೋಡಿ, “ಹಕ್ಕಿ ಸಿಕ್ಕಿತಾ, ತಪ್ಪಿಸಿಕೊಂಡಿತಾ?” ಅಂದಳು. ಅಷ್ಟೇ. ಮುಖ ನೆನಪಿಲ್ಲ. ಕಂದುಗೂದಲಿನ ಜಡೆಯನ್ನು ತಲೆಯ ಸುತ್ತ ಸಿಂಬೆ ಸುತ್ತಿದ್ದಳು, ಗಟ್ಟಿ ಗಲ್ಲ, ಎಡ ಹುಬ್ಬಿನಲ್ಲಿ ಒಂದು ಸಣ್ಣ ಕಲೆ, ದುಂಡು ಕನ್ನಡಕ, ಬಲಗೈ ನಡುಬೆರಳಲ್ಲಿ ಶಾಯಿ ಕೂತು ಗಟ್ಟಿಯಾದ ಜಾಗ. ಇಷ್ಟು ಬಿಟ್ಟರೆ ಏನೂ ನೆನಪಿಲ್ಲ.

ಅಕ್ಟೋಬರ್ ೨೭, ಬುಧವಾರ

ಜೆಲ್ನಿಕ್ ಕರೆಸಿದ್ದ. ಮೇಣದ ಕಾಗದದಲ್ಲಿ ಉಪ್ಪಿನ ಸೌತೆಕಾಯಿ ಇಟ್ಟುಕೊಂಡು ಹಗಲೆಲ್ಲ ತಿನ್ನುತ್ತಾನೆ. ನನ್ನ ಎಷ್ಟೋ ನಾಯಕಿಯರ ಮೇಲೆ ಅದರ ನೀರು ಬಿದ್ದಿದೆ.

ಕಾಮಿಕ್ಸಿನಿಂದ ಮಕ್ಕಳು ಕೆಡುತ್ತಾರೆ ಎಂದು ದೇಶವೆಲ್ಲ ಗಲಾಟೆ ಎದ್ದಿದೆಯಲ್ಲ, ಅದಕ್ಕೆ ಈಗ ಒಂದು ಪರಿಶೀಲನಾ ಕಚೇರಿ ಆಗಿದೆ. ಅವರ ಮುದ್ರೆ ಇಲ್ಲದೆ ಪುಸ್ತಕ ಅಂಗಡಿಗೆ ಹೋಗುವಂತಿಲ್ಲ. ನನ್ನ ಹಾಳೆಗಳಲ್ಲಿ ಹನ್ನೊಂದು ಕಡೆ ಗುರುತು ಹಾಕಿ ಕಳಿಸಿದ್ದಾರೆ.

“ಹುಡುಗಿಯ ಕತ್ತಿನ ಪಟ್ಟಿ ಎರಡು ಬೆರಳು ಮೇಲೆ ತಗೊಳ್ಳಯ್ಯ,” ಅಂದ ಜೆಲ್ನಿಕ್.

“ಇನ್ನೂ ಮೇಲೆ ತಗೊಂಡ್ರೆ ಬಾಯಿ ಮುಚ್ಚುತ್ತೆ. ಮುತ್ತು ಎಲ್ಲಿ ಕೊಡೋದು?”

“ಮುತ್ತೂ ಕಮ್ಮಿ ಮಾಡು. ಅಪ್ಪ ಅಮ್ಮನ್ನ ಕೇಳಿ ಕೊಡೋ ಹಾಗೆ ಕಾಣಬೇಕು.”

ಅವನಿಗೆ ನಗು ಬರಲಿಲ್ಲ. ಮುಖ ಸಪ್ಪಗಿತ್ತು. ಪಕ್ಕದ ಕಂಪನಿ ಬಾಗಿಲು ಹಾಕಿತಂತೆ.

ನವೆಂಬರ್ ೧೩, ಶನಿವಾರ

ಹಿತ್ತಲಿನ ಅಂಜೂರದ ಗಿಡಕ್ಕೆ ಚಳಿಗಾಲದ ಉಡುಪು ತೊಡಿಸಿದೆವು. ಕೊಂಬೆಗಳನ್ನು ಹಗ್ಗದಿಂದ ಬಿಗಿದು, ಹಳೆ ಕಂಬಳಿ, ಗೋಣಿ, ಟಾರು ಕಾಗದ ಸುತ್ತಿ, ತಲೆ ಮೇಲೆ ಬಕೆಟ್ ಬೋರಲು ಹಾಕುವುದು. ನಾನು ಏಣಿ ಮೇಲೆ, ಅಸ್ಸುಂತಾ ಅಕ್ಕ ಕೆಳಗೆ.

“ಬಿಗಿಯಾಗಿ ಕಟ್ಟೋ ನುಂಜಿಯೋ. ಹೋದ ವರ್ಷ ಕಟ್ಟಿದ್ದು ಬಿಚ್ಚಿ ಹೋಗಿ ಗಿಡ ಕುಡುಕನ ಹಾಗೆ ನಿಂತಿತ್ತು.”

“ಅಕ್ಕ, ಇಡೀ ಬೀದಿಯಲ್ಲಿ ನನ್ನ ಹಾಗೆ ಗಿಡ ಕಟ್ಟೋರು ಯಾರಿದ್ದಾರೆ ಹೇಳು?”

“ಕೆಳಗಿಳಿ, ಹೇಳ್ತೀನಿ. ಬೀಳ್ತೀಯ.”

ಒಣಗಿಸಿದ ಅಂಜೂರ ಒಂದು ಜಾಡಿ ತುಂಬ ಇತ್ತು. ಜೆಲ್ನಿಕ್ ಆಫೀಸಿನಲ್ಲಿ ಹಾಳೆಗಳ ಜೊತೆ ಇಟ್ಟು ಬಂದೆ, ಮಿಸೆಸ್ ಟ್ವೇಟ್‌ಗೆ ಕೊಡಲಿ ಎಂದು. ಆರು ಬೆರಳಿನ ವಿಷಯವನ್ನು ಆಕೆ ಜೆಲ್ನಿಕ್‌ಗೆ ಹೇಳಲಿಲ್ಲವಲ್ಲ, ಆ ಉಪಕಾರಕ್ಕೆ. ಬೇರೇನಿಲ್ಲ.

ನವೆಂಬರ್ ೨೪, ಬುಧವಾರ

ಜಾಡಿ ಹೋದ ವಾರವೇ ವಾಪಸು ಬಂತು. ಖಾಲಿ ಬರಲಿಲ್ಲ. ಒಳಗೆ ಕಾಗದ ಸುತ್ತಿದ ಕಂದು ಬಣ್ಣದ ಒಂದು ತುಂಡು.

ಅಕ್ಕ ಮೂಸಿ ನೋಡಿ, “ಒಳ್ಳೇ ಹೆಂಗಸು ಕಣೋ. ಬಟ್ಟೆ ಸೋಪು ಕಳಿಸಿದ್ದಾಳೆ,” ಅಂದಳು. ನನ್ನ ಎರಡು ಅಂಗಿಗೆ ಅದನ್ನು ಉಜ್ಜಿಯೂ ಬಿಟ್ಟಳು. ನೊರೆ ಬರಲಿಲ್ಲ. ಅಷ್ಟರಲ್ಲಿ ಡೆಲ್ಫೀನಾ ಚೂರು ಮುರಿದು ಬಾಯಿಗೆ ಹಾಕಿಕೊಂಡು, “ಅಮ್ಮಾ, ಇದು ಗಿಣ್ಣು! ಚೀಸು! ಸಿಹಿಯಾಗಿದೆ!” ಎಂದು ಕಿರುಚಿದಳು.

ಸಿಹಿ ಚೀಸು! ನಮ್ಮೂರಿನಲ್ಲಾಗಿದ್ದರೆ ಪೊಲೀಸರನ್ನು ಕರೆಯುತ್ತಿದ್ದರು. ಇನ್ನು ಯಾರಿಗೂ ಬೇಡವಾದ್ದರಿಂದ ನಾನೇ ಮೂರು ದಿನದಲ್ಲಿ ಮುಗಿಸಬೇಕಾಯಿತು.

ಅಂಚಿನಲ್ಲಿ ಬರೆದೆ: “ಅಂಗಿ ಬಹಳ ರುಚಿಯಾಗಿದೆ. ನಮ್ಮ ಅಕ್ಕನ ಮಗಳು ಡೆಲ್ಫೀನಾ ಬುದ್ಧಿವಂತೆ, ಸೋಪಿಗೂ ಚೀಸಿಗೂ ವ್ಯತ್ಯಾಸ ಕಂಡುಹಿಡಿದಳು. ನಿಮ್ಮ ಅಕ್ಷರವನ್ನೂ ಅವಳೇ ಓದೋದು. ಪುಸ್ತಕ ಅಂಗಡಿಗೆ ಬಂದ ದಿನವೇ ಕೊಂಡು, ಒಂದು ಮಾತು ಬಿಡದೆ ಅಮ್ಮನಿಗೆ ಓದಿ ಹೇಳ್ತಾಳೆ.”

ಉತ್ತರ ಬಂತು: “ಹಾಗಾದರೆ ನೀವು?”

“ನಾನು ಗುಳ್ಳೆ ಓದಲ್ಲ. ನಾನು ಕಲಾವಿದ.”

“ಸರಿ ಕಲಾವಿದರೇ. ಆ ಹಸಿರು ಟೋಪಿ ಇನ್ನೂ ಬದುಕಿದೆಯಾ?”

“ದಿನೇ ದಿನೇ ಚಿಕ್ಕ ವಯಸ್ಸಾಗ್ತಿದೆ.”

ಒಂದೇ ಅಂಚು, ಒಂದೇ ಹಾಳೆ, ತಿದ್ದುಪಡಿಗೆಂದು ಮೂರು ಸಲ ಓಡಾಡಿತು. ನೆಕ್‌ಲೇಸ್ ಒಂದನ್ನು ತಿದ್ದುವುದಿತ್ತು. ಒಂದೇ ಸಲಕ್ಕೆ ತಿದ್ದಬಹುದಿತ್ತು, ಆದರೆ ಒಳ್ಳೆಯ ಕೆಲಸವನ್ನು ಅವಸರದಲ್ಲಿ ಮಾಡಬಾರದು.

ಡಿಸೆಂಬರ್ ೨, ಗುರುವಾರ

ಡೆಲ್ಫೀನಾ ನನ್ನ ಮೇಜಿನ ಮೇಲೆ ಬಗ್ಗಿ ನೋಡಿ, “ಮಾವ, ಇವಳಿಗೆ ಇಪ್ಪತ್ತು ವರ್ಷ ಅಂತ ಕಥೆಯಲ್ಲಿದೆ,” ಅಂದಳು.

“ಇಪ್ಪತ್ತೇ.”

“ನಲವತ್ತೈದರ ಥರ ಇದ್ದಾಳೆ. ಈ ತಲೆ ಸುತ್ತ ಸಿಂಬೆ ಜಡೆ ಈಗ ಯಾರು ಹಾಕ್ತಾರೆ? ಹೋದ ಕಥೆಯ ಗಗನಸಖಿಗೂ ಇದೇ ಜಡೆ. ಅದರ ಹಿಂದಿನ ಕಥೆಯ ರೈತನ ಮಗಳಿಗೂ. ಎಲ್ಲರಿಗೂ ಇದೇ ಗಲ್ಲ, ಅಡಕೆ ಒಡೆಯೋ ಹಾಗೆ.”

ನಿನಗೆ ಕಲೆ ಅರ್ಥವಾಗುವುದಿಲ್ಲ ಎಂದೆ. ಪರಿಶೀಲನೆಯವರು ಮರ್ಯಾದೆಯ ಹೆಂಗಸರು ಬೇಕೆಂದಿದ್ದಾರೆ. ಮರ್ಯಾದೆಗೆ ಗಟ್ಟಿ ಗಲ್ಲ ಬೇಕು.

ಜೆಲ್ನಿಕ್ ಕೂಡ ಫೋನಿನಲ್ಲಿ, “ಸ್ಪತಾರೋ, ನಮ್ಮ ಹುಡುಗಿಯರೆಲ್ಲ ಯಾಕಯ್ಯ ನನ್ನ ತಪ್ಪು ಹುಡುಕೋರ ಥರ ನೋಡ್ತಾರೆ?” ಅಂದ. ಎಲ್ಲರಿಗೂ ಒಟ್ಟಿಗೇ ಕಣ್ಣು ಮಂಜಾದರೆ ನಾನೇನು ಮಾಡಲಿ!

ಡಿಸೆಂಬರ್ ೧೦, ಶುಕ್ರವಾರ

ಇವತ್ತು ಎರಡು ಏಟು ಬಿದ್ದವು.

ಒಂದು, ಪರಿಶೀಲನಾ ಕಚೇರಿಯ ಒಬ್ಬಾಕೆ ಅಂಚಿನಲ್ಲಿದ್ದ ನೀಲಿಯನ್ನೆಲ್ಲ ಕೂತು ಓದಿದ್ದಾಳೆ. ಚೀಸು, ಅಂಗಿ, ಟೋಪಿ, ಎಲ್ಲ. ಇದರಲ್ಲಿ ಗುಪ್ತ ಅಶ್ಲೀಲ ಅರ್ಥವಿದೆಯೇ ಎಂದು ಜೆಲ್ನಿಕ್‌ಗೆ ಪತ್ರ ಬರೆದಿದ್ದಾಳೆ. ಅವನು ಮೇಜು ಗುದ್ದಿ, “ಇನ್ಮೇಲೆ ಅಂಚಿನಲ್ಲಿ ಒಂದು ಕೂದಲಿನಷ್ಟು ಗೆರೆ ಕಂಡ್ರೂ ಇಬ್ಬರಿಗೂ ಕೆಲಸ ಇಲ್ಲ. ಆಕೆಗೂ ಹೇಳಿ ಕಳಿಸಿದ್ದೀನಿ,” ಅಂದ.

“ಅದು ಚೀಸಿನ ಮಾತು ಕಣಯ್ಯ.”

“ಚೀಸಿನ ಮಾತೇ! ಏಳು ವರ್ಷದ ಪ್ರೇಮಕಥೆಗಳಲ್ಲಿ ಇಷ್ಟು ಪ್ರೇಮ ನಾನು ಓದಿರಲಿಲ್ಲ,” ಅಂದ. ಮೂರ್ಖ.

ಎರಡನೆಯದನ್ನು ಸೌತೆಕಾಯಿ ಕೆಳಗಿಟ್ಟು ಹೇಳಿದ. ವಿತರಕರು ಕೈ ಎತ್ತಿದ್ದಾರೆ. ‘ನನ್ನ ಗುಟ್ಟಿನ ಕಣ್ಣೀರು’ ವಸಂತದ ಸಂಚಿಕೆಗೆ ನಿಲ್ಲುತ್ತದೆ. ಜನವರಿಯಲ್ಲಿ ನಾನು ಬರೆಯುವ ಕಥೆಯೇ ಕೊನೆಯದು.

ನನಗೇನು, ಬೇರೆ ಕೆಲಸ ಸಿಗುತ್ತದೆ. ನನ್ನಂಥ ಕೈಯನ್ನು ಯಾರು ಬಿಡುತ್ತಾರೆ? ಅದಲ್ಲ. ಟ್ರೈನಿನಲ್ಲಿ ಬರುವಾಗ ಯೋಚನೆ ಬಂತು: ಹಾಳೆಯೇ ಇಲ್ಲದಿದ್ದರೆ ಅದಕ್ಕೆ ಅಂಚು ಎಲ್ಲಿ ಬರುತ್ತದೆ?

ಡಿಸೆಂಬರ್ ೨೧, ಮಂಗಳವಾರ

ಹಾಳೆಗಳು ಬಂದವು. ಅಂಚು ಸ್ವಚ್ಛ. ನಾರ್ವೆಯವರು ನಿಯಮ ಅಂದರೆ ನಿಯಮವೇ.

೧೯೫೫, ಜನವರಿ ೬, ಗುರುವಾರ

ಅಂಚು ಸ್ವಚ್ಛ.

ಜನವರಿ ೨೦, ಗುರುವಾರ

ಕೊನೆಯ ಕಥೆಯ ಪೆನ್ಸಿಲ್ ಕೆಲಸ ಮುಗಿಯಿತು. ಸೈನಿಕ, ನರ್ಸ್, ತಪ್ಪು ತಿಳಿವಳಿಕೆ, ಕಣ್ಣೀರು. ಕೊನೆಯ ಚೌಕದಲ್ಲಿ ದೋಣಿಕಟ್ಟೆ, ಹಿಂದೆ ಹುಣ್ಣಿಮೆ ಚಂದ್ರ, ಬರಿತಲೆಯ ಸೈನಿಕ ನರ್ಸಿನ ಕೈ ಹಿಡಿದು ಮದುವೆಯಾಗುತ್ತೀಯಾ ಎಂದು ಕೇಳುತ್ತಾನೆ. ನರ್ಸಿಗಿರುವುದು ಒಂದೇ ಮಾತು, ‘ಹೌದು’ ಎಂದು ಡೆಲ್ಫೀನಾ ಓದಿ ಹೇಳಿದಳು. ನಿಂಬೆಹಣ್ಣಿನಷ್ಟು ಗುಳ್ಳೆ ಬಿಟ್ಟೆ. ಚಂದ್ರ ನನ್ನ ಜೀವಮಾನದ ಚಂದ್ರ. ಅಂಥದನ್ನು ದೇವರು ಒಂದೇ ಬರೆದ, ನಾನು ಬರೆದ ಇದು ಎರಡನೆಯದು.

ಅಕ್ಕ ಊಟಕ್ಕೆ ಕರೆದಳು. ಹೋಗಲಿಲ್ಲ. ಮತ್ತೆ ಕರೆದಳು. ಆಮೇಲೆ ಬಂದು ಬಾಗಿಲಲ್ಲಿ ನಿಂತು, “ಆ ಸೋಪಿನ ಹೆಂಗಸು ಇರೋದು ಇಲ್ಲಿಂದ ಎರಡು ಮೈಲಿ. ಅವಳಿಗೆ ಒಂದು ಮಾತು ಹೇಳೋಕೆ ನೀನು ನದಿ ದಾಟಿ ಮ್ಯಾನ್‌ಹಟನ್‌ಗೆ ಹೋಗಿ ಕಾಗದ ಕೊಟ್ಟು ಬರ್ತೀಯ. ನಡ್ಕೊಂಡು ಹೋಗಿ ಬಾಗಿಲು ತಟ್ಟೋಕೆ ಕಾಲಿಗೇನು ರೋಗ?” ಅಂದಳು.

“ಕೆಲಸದ ವಿಷಯ ಅಕ್ಕ, ನಿನಗೆ ತಿಳಿಯಲ್ಲ.”

“ತಿಳಿಯಲ್ಲ ಬಿಡು. ನಾನು ಬರೀ ಮದುವೆ ಆಗಿ, ಮಗಳನ್ನ ಹೆತ್ತು, ಗಂಡನ್ನ ಮಣ್ಣು ಮಾಡಿದವಳು. ನೀನು ಪ್ರೇಮದ ಪಂಡಿತ.”

ಅವಳು ಹೋದ ಮೇಲೆ ನೀಲಿ ಪೆನ್ಸಿಲ್ ಚೂಪು ಮಾಡಿದೆ. ಮೂರು ಸಲ ಬರೆದು ಮೂರು ಸಲ ಉಜ್ಜಿದೆ. ಮೊದಲನೆಯದು ತೀರ ಉದ್ದ. ಎರಡನೆಯದರಲ್ಲಿ ನನ್ನ ಗುಣಗಾನವೇ ಜಾಸ್ತಿಯಾಗಿತ್ತು. ಕೊನೆಗೆ, ಕೊನೆಯ ಚೌಕದ ಪಕ್ಕದಲ್ಲಿ, ಇರುವೆಯಷ್ಟು ಚಿಕ್ಕದಾಗಿ:

“ಮಿಸೆಸ್ ಟ್ವೇಟ್, ಇನ್ನು ಮೇಲೆ ನಮ್ಮಿಬ್ಬರ ನಡುವೆ ಓಡಾಡೋಕೆ ಹಾಳೆ ಇರಲ್ಲ. ಹಾಳೆಯ ಬದಲು ನಾನೇ ಬರಬಹುದಾ? ಒಂದು ಸಲಕ್ಕಲ್ಲ.”

ನೋಡಿದ ಮೇಲೆ ಆಕೆ ಉಜ್ಜಿಬಿಡುತ್ತಾಳೆ, ಪರಿಶೀಲನೆಯವರಿಗೆ ಕಾಣುವುದಿಲ್ಲ. ಇದು ಧೈರ್ಯದ ಮಾತೇನಲ್ಲ. ಸುಮ್ಮನೆ ವಿಚಾರಿಸಿದ್ದು.

ಜನವರಿ ೨೭, ಗುರುವಾರ

ಹಾಳೆ ಬಂತು.

ಮೇಲಿನ ಅಂಚು ನೋಡಿದೆ, ಕೆಳಗಿನದು, ಎಡ, ಬಲ. ಬೆನ್ನು ತಿರುಗಿಸಿ ನೋಡಿದೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನ್ನ ಪ್ರಶ್ನೆಯನ್ನು ಎಷ್ಟು ಚೊಕ್ಕಟವಾಗಿ ಉಜ್ಜಿದ್ದಾಳೆಂದರೆ ಕಾಗದದ ಮೇಲೆ ನೆರಳೂ ಇಲ್ಲ. ಉತ್ತರ ಇಲ್ಲ.

ಅದು ಸಾಲದು ಅಂತ ಕೊನೆಯ ಚೌಕದಲ್ಲಿ ನಾನು ಬಿಟ್ಟಿದ್ದ ಗುಳ್ಳೆಯನ್ನು ಅಳಿಸಿ, ಕುಂಬಳಕಾಯಿ ಗಾತ್ರದ್ದನ್ನು ಬರೆದಿದ್ದಾಳೆ. ನನ್ನ ಅರ್ಧ ಚಂದ್ರನನ್ನು ಅದು ನುಂಗಿಹಾಕಿದೆ. ‘ಹೌದು’ ಅನ್ನುವುದಕ್ಕೆ ಅಷ್ಟು ಜಾಗ ಬೇಕಾ? ಸಿಟ್ಟಿಗೆ ಮಾಡಿದ್ದು, ಬೇರೇನಲ್ಲ. ಇಲ್ಲ ಅನ್ನುವುದನ್ನು ಕೆಲವರು ಹೀಗೂ ಹೇಳುತ್ತಾರೆ.

ಶಾಯಿ ಹಾಕಿದೆ. ನರ್ಸಿನ ಕಣ್ಣೀರಿಗೆ ಒಂದೇ ಚುಕ್ಕಿ ಇಟ್ಟೆ. ಎರಡನೆಯದು ಇಡುವ ಮನಸ್ಸಾಗಲಿಲ್ಲ. ಉಜ್ಜಿ, ಕಟ್ಟಿ, ಕೊಟ್ಟು ಬಂದೆ. ಜೆಲ್ನಿಕ್ ಕಪಾಟಿನ ಸಾಮಾನನ್ನು ಡಬ್ಬಕ್ಕೆ ತುಂಬುತ್ತಿದ್ದ, ಹಾಳೆಯತ್ತ ನೋಡಲೂ ಇಲ್ಲ.

ಜನವರಿ ೩೦, ಭಾನುವಾರ

ಮನೆಯಲ್ಲೇ ಇದ್ದೆ. ಮಧ್ಯಾಹ್ನ ಸಮುದ್ರದ ಕಡೆಯಿಂದ ಎಂಥ ಗಾಳಿ ಎದ್ದಿತು ಅಂದರೆ ಅಂಜೂರದ ಮೇಲಿನ ಬಕೆಟ್ ಹಾರಿ ಪಕ್ಕದವರ ಹಿತ್ತಲಿಗೆ ಬಿತ್ತು. ನಾಲ್ಕು ಗಂಟೆಗೆ ಅದನ್ನು ತರಲು ಹೋದವನು ಎರಡು ನಿಮಿಷದಲ್ಲಿ ಕಿವಿ ಹೆಪ್ಪುಗಟ್ಟಿಸಿಕೊಂಡು ಬಂದೆ. ಇಂಥ ಗಾಳಿಯಲ್ಲಿ ಹೊರಗೆ ನಿಲ್ಲುವ ಮುಠ್ಠಾಳ ಯಾರಿದ್ದಾನೆ ಎಂದು ಅಕ್ಕನಿಗೆ ಹೇಳಿದೆ.

ಫೆಬ್ರವರಿ ೧೫, ಮಂಗಳವಾರ

ಡಬ್ಬದ ಟೊಮೇಟೊ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಲೇಬಲ್ಲಿಗೆ ಟೊಮೇಟೊ ಬರೆಯಬೇಕು. ಚೆನ್ನಾಗಿಯೇ ಬರೆಯುತ್ತೇನೆ.

ಮಾರ್ಚ್ ೩, ಗುರುವಾರ

ಟೊಮೇಟೊ.

ಮಾರ್ಚ್ ೧೭, ಗುರುವಾರ

ಟೊಮೇಟೊದ ಮೇಲೆ ಒಂದು ನೀರಿನ ಹನಿ ಬೇಕೆಂದರು. ಇಟ್ಟೆ. ಮ್ಯಾನೇಜರ್ ಬಹಳ ಹೊತ್ತು ನೋಡಿ, “ಯಾಕೋ ಪಾಪ ಅನ್ನಿಸುತ್ತೆ ಕಣ್ರೀ, ಇದನ್ನ ತಿನ್ನೋಕೆ ಆಗಲ್ಲ. ಬೇರೆ ಬರೀರಿ,” ಅಂದ.

ಏಪ್ರಿಲ್ ೧೨, ಮಂಗಳವಾರ

ಇವತ್ತಿನದನ್ನು ನಿಧಾನವಾಗಿ ಬರೆಯಬೇಕು.

ಡೆಲ್ಫೀನಾ ಕೆಲಸದಿಂದ ಬರುವಾಗ ಕೊನೆಯ ಸಂಚಿಕೆ ತಂದಳು. ಅಕ್ಕ ಹುರುಳಿಕಾಯಿ ಸೋಸುತ್ತಿದ್ದಳು. ನಾನು ಸಾರಿನ ಬಟ್ಟಲ ಮುಂದೆ ಕೂತಿದ್ದೆ. ಡೆಲ್ಫೀನಾ ಎಂದಿನಂತೆ ದನಿ ಬದಲಾಯಿಸಿ ಬದಲಾಯಿಸಿ ಓದಿದಳು, ಸೈನಿಕನಿಗೊಂದು, ನರ್ಸಿಗೊಂದು. ಕೊನೆಯ ಚೌಕಕ್ಕೆ ಬಂದು ನಿಂತಳು.

“ಇದೇನಿದು! ಜನವರಿಯಲ್ಲಿ ನಾನು ಮಾವನಿಗೆ ಓದಿದಾಗ ಇಲ್ಲಿ ಬರೀ ‘ಹೌದು’ ಇತ್ತು.”

“ಏನಿದೆ ಈಗ?” ಅಂದಳು ಅಕ್ಕ.

“ಕೇಳು. ‘ಹೌದು. ಬರುವ ಭಾನುವಾರ ನಾಲ್ಕು ಗಂಟೆಗೆ ದೋಣಿಕಟ್ಟೆಗೆ ಬನ್ನಿ. ಆ ಹಸಿರು ಟೋಪಿ ಮಾತ್ರ ಬೇಡ.’” ಡೆಲ್ಫೀನಾ ಬಿದ್ದು ಬಿದ್ದು ನಕ್ಕಳು. “ಅಲ್ಲಮ್ಮ, ಇಬ್ಬರೂ ದೋಣಿಕಟ್ಟೆಯಲ್ಲೇ ನಿಂತಿದ್ದಾರೆ, ಮತ್ತೆ ದೋಣಿಕಟ್ಟೆಗೆ ಬನ್ನಿ ಅಂತಾಳೆ! ಈ ಸೈನಿಕನ ತಲೆ ಮೇಲೆ ಟೋಪಿನೇ ಇಲ್ಲ! ಪರಿಶೀಲನೆಯವರು ಇದಕ್ಕೆ ಮುದ್ರೆ ಬೇರೆ ಒತ್ತಿದ್ದಾರೆ!”

ಅಕ್ಕ ನಗಲಿಲ್ಲ. ಬಾಗಿಲ ಹಿಂದಿನ ಮೊಳೆಯತ್ತ ನೋಡಿದಳು. ಅಲ್ಲಿ ನನ್ನ ಟೋಪಿ ನೇತಾಡುತ್ತಿತ್ತು, ಗರಿ ಸಮೇತ. ಆಮೇಲೆ ನನ್ನತ್ತ ನೋಡಿದಳು.

“ನುಂಜಿಯೋ,” ಅಂದಳು, “ಲೋ ನುಂಜಿಯೋ. ನೀನು ಇದನ್ನ ಓದಲಿಲ್ವಾ?”

ಪುಸ್ತಕ ಕಸಿದುಕೊಂಡೆ. ಬೆರಳಿಟ್ಟು, ಪಾದ್ರಿ ಕಲಿಸಿದ ಹಾಗೆ, ಒಂದೊಂದೇ ಪದ ಓದಿದೆ. ನಾಲ್ಕು ಸಲ. ಇದನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡು, ಇದರ ಸುತ್ತ ಶಾಯಿ ಹಾಕಿ, ಇದು ನನ್ನ ಚಂದ್ರನನ್ನು ತಿಂದಿತು ಎಂದು ಬೈದಿದ್ದೇನೆ. ಅಂಚಿನಲ್ಲಿ ಬರೆಯಬೇಡ ಅಂದಿದ್ದರು, ಆಕೆ ಬರೆಯಲಿಲ್ಲ. ಬರೆಯಲು ಅನುಮತಿ ಇದ್ದ ಕಡೆ ಬರೆದಳು. ಏಳು ವರ್ಷದಿಂದ ನಾನು ಕಣ್ಣು ಹಾಯಿಸದ ಒಂದೇ ಒಂದು ಜಾಗದಲ್ಲಿ.

ಡೆಲ್ಫೀನಾಳಿಗೂ ಆಗ ಹೊಳೆಯಿತು. ಬಾಯಿಗೆ ಕೈ ಇಟ್ಟುಕೊಂಡಳು. “ಅಯ್ಯೋ ಮಾವ. ಯಾವ ಭಾನುವಾರ?”

ಒಳಗೆ ಬಂದು ಈ ಪುಸ್ತಕದ ಬೀಗ ತೆಗೆದು ಜನವರಿ ೩೦ ನೋಡಿದೆ. ಇಂಥ ಗಾಳಿಯಲ್ಲಿ ಹೊರಗೆ ನಿಲ್ಲುವ ಮುಠ್ಠಾಳ ಯಾರು ಎಂದು ಬರೆದಿದ್ದೇನೆ. ಆ ಪುಟ ಹರಿದುಹಾಕಬೇಕು ಅನ್ನಿಸಿತು. ಹರಿಯಲಿಲ್ಲ. ಇರಲಿ, ಜೀವನಚರಿತ್ರೆ ಬರೆಯುವವರು ನೋಡಲಿ.

ಏಪ್ರಿಲ್ ೧೭, ಭಾನುವಾರ

ಮೂರು ಗಂಟೆಗೆ ಅಕ್ಕ ನನ್ನ ಕತ್ತಿನ ಪಟ್ಟಿ ಸರಿ ಮಾಡಿದಳು. ಅಭ್ಯಾಸಬಲದಿಂದ ಕೈ ಮೊಳೆಯತ್ತ ಹೋಯಿತು. ಅವಳು ಅದರ ಮೇಲೆ ಸೌಟಿನಿಂದ ಒಂದು ಕೊಟ್ಟಳು.

“ಬರಿತಲೆಯಲ್ಲಿ ಹೋದ್ರೆ ಶೀತ ಆಗುತ್ತೆ,” ಅಂದೆ.

“ಆಗಲಿ. ನೋಡ್ಕೊಳ್ಳೋಕೆ ಒಬ್ಬಳು ಬರ್ತಾಳೋ ನೋಡೋಣ.”

ಅರವತ್ತೊಂಬತ್ತನೇ ಬೀದಿಯ ದೋಣಿಕಟ್ಟೆ, ಬೇ ರಿಜ್‌ನಲ್ಲಿರುವುದು ಅದೊಂದೇ. ದಾರಿಯುದ್ದಕ್ಕೂ ನಾನು ನನಗೇ ಹೇಳಿಕೊಂಡೆ, ಹನ್ನೊಂದು ವಾರ ಆಗಿದೆ, ಅವಳು ಯಾಕಿರುತ್ತಾಳೆ, ಸುಮ್ಮನೆ ಗಾಳಿ ತಿಂದು ಬರೋಣ ಎಂದು. ಸ್ಟೇಟನ್ ಐಲೆಂಡ್‌ನಿಂದ ದೋಣಿ ಬಂತು, ಜನ ಇಳಿದರು, ಜನ ಹತ್ತಿದರು. ದೋಣಿ ಹೋಯಿತು. ಕಟ್ಟೆಯ ಕಂಬಿಯ ಹತ್ತಿರ ಒಬ್ಬಳು ಉಳಿದಳು. ಸಿಂ‍ಬೆ ಜಡೆಯಲ್ಲಿ ಅರ್ಧ ನರೆ. ಎಡ ಹುಬ್ಬಿನಲ್ಲಿ ಕಲೆ. ನಾನು ಏಳು ವರ್ಷದಿಂದ ಗಲ್ಲವನ್ನು ಸರಿಯಾಗಿಯೇ ಬರೆಯುತ್ತಿದ್ದೆ.

ಅವಳು ಮೊದಲು ನನ್ನ ತಲೆ ನೋಡಿದಳು.

“ಓದಿದ್ರಿ,” ಅಂದಳು.

“ಓದಿದೆ. ಮಂಗಳವಾರ.”

“ಗೊತ್ತು. ಪುಸ್ತಕ ಅಂಗಡಿಗೆ ಬಂದದ್ದು ಮಂಗಳವಾರ. ನಿಮ್ಮ ಡೆಲ್ಫೀನಾ ಬಂದ ದಿನವೇ ಕೊಳ್ತಾಳೆ, ಒಂದು ಮಾತು ಬಿಡಲ್ಲ ಅಂತ ನೀವೇ ಬರೆದಿದ್ರಿ.”

“ಮಿಸೆಸ್ ಟ್ವೇಟ್, ಜನವರಿಯಲ್ಲಿ...”

“ಜನವರಿಯಲ್ಲಿ ಎರಡು ಗಂಟೆ ನಿಂತಿದ್ದೆ. ಮೊದಲನೇ ಗಂಟೆ ನಿಮ್ಮನ್ನ ಬೈದೆ. ನಾರ್ವೆ ಭಾಷೆಯಲ್ಲಿ, ಅದರಲ್ಲಿ ಬೈಗುಳ ಚೆನ್ನಾಗಿ ಕೂರುತ್ತೆ. ಎರಡನೇ ಗಂಟೆಗೆ ನೆನಪಾಯ್ತು. ಅಯ್ಯೋ, ಈ ಮನುಷ್ಯ ಗುಳ್ಳೆ ಓದಲ್ಲ. ಕಲಾವಿದ. ಆಮೇಲೆ ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಏಪ್ರಿಲ್‌ಗೆ ಗುರುತು ಹಾಕಿದೆ.”

“ಒಂದು ಕಾಗದ ಹಾಕಬಹುದಿತ್ತಲ್ಲ ನೀವು! ಅಂಚಿನಲ್ಲಿ ನೀಲಿಯಲ್ಲಿ ಒಂದು ಗೆರೆ ಎಳೆದಿದ್ರೆ ಸಾಕಿತ್ತು. ನಾನೇ ಉಜ್ಜಿ ಹಾಕ್ತಿದ್ದೆ.”

ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. ಸಮುದ್ರದ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ.

“ಅದಕ್ಕೇ ಬರೀಲಿಲ್ಲ,” ಅಂದಳು. “ಬೆರಳಿನ ಜಗಳ, ಚೀಸಿನ ಜಗಳ ನೀಲಿಯಲ್ಲಿ ಬರೀಬಹುದು. ಹೌದು ಅನ್ನೋದನ್ನ ಅಳಿಸೋ ಪೆನ್ಸಿಲಿನಲ್ಲಿ ಬರೀಬಾರದು ಮಿಸ್ಟರ್ ಸ್ಪತಾರೋ. ಶಾಯಿಯಲ್ಲಿ ಬರೆದೆ. ಅದು ಎರಡು ಲಕ್ಷ ಪ್ರತಿ ಅಚ್ಚಾಗಿದೆ. ಈಗ ನಾನೇ ಬೇಡ ಅಂದ್ರೂ ಆಗಲ್ಲ.”

“ನನ್ನ ಚಂದ್ರನನ್ನ ಅರ್ಧ ತಿಂದ್ರಿ,” ಅಂದೆ.

“ಇನ್ನರ್ಧ ಇದೆಯಲ್ಲ,” ಅಂದಳು. ಆಮೇಲೆ ಇಬ್ಬರೂ ಮುಂದಿನ ದೋಣಿ ಹತ್ತಿದೆವು. ಎಲ್ಲಿಗೂ ಅಲ್ಲ, ಆ ಕಡೆ ಹೋಗಿ ಈ ಕಡೆ ಬಂದೆವು. ಮೂರು ಸಲ.

ಅವಳ ಕಣ್ಣಿನಲ್ಲಿದ್ದ ನೀರನ್ನು ಹತ್ತಿರದಿಂದ ನೋಡಿದೆ. ಅದರಲ್ಲಿ ಚುಕ್ಕಿಗಳು ಎರಡಲ್ಲ, ಲೆಕ್ಕಕ್ಕೇ ಸಿಗುವುದಿಲ್ಲ. ಇಷ್ಟು ವರ್ಷ ನಾನು ಬರೆದದ್ದು ಅಷ್ಟು ಸರಿಯಿರಲಿಲ್ಲ. ಇದನ್ನು ಬೀಗ ಇರುವ ಪುಸ್ತಕದಲ್ಲಿ ಮಾತ್ರ ಹೇಳುತ್ತಿದ್ದೇನೆ.

ಮೇ ೮, ಭಾನುವಾರ

ಈಗ ಎರಡೂಮುಕ್ಕಾಲು. ಮೂರಕ್ಕೆ ಹೊರಡಬೇಕು, ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ಹಳೆಯ ಸಂಚಿಕೆಗಳನ್ನು ಅಟ್ಟದಿಂದ ಇಳಿಸಿ ದಿನಕ್ಕೊಂದರಂತೆ ಓದುತ್ತಿದ್ದೇನೆ, ಗುಳ್ಳೆ ಬಿಡದೆ. ಕಥೆಗಳು ಪರವಾಗಿಲ್ಲ. ರಾಗ್ನಾಳ (ಈಗ ಮಿಸೆಸ್ ಟ್ವೇಟ್ ಅನ್ನುವ ಹಾಗಿಲ್ಲ) ‘ನ’ ಅಕ್ಷರದ ತಿರುವು ಬಹಳ ಚೆನ್ನಾಗಿದೆ. ಡೆಲ್ಫೀನಾ ನಾನು ಓದುವಾಗ ತುಟಿ ಅಲ್ಲಾಡಿಸುತ್ತೇನೆ ಎಂದು ಅಣಕಿಸುತ್ತಾಳೆ. ಅಣಕಿಸಲಿ.

ಅಂಜೂರದ ಗೋಣಿ ಬಿಚ್ಚಿದೆವು. ಎಳೆ ಎಲೆ ಬಂದಿದೆ. ಹಕ್ಕಿಗಳು ಚಿಗುರು ತಿನ್ನದಿರಲಿ ಎಂದು ಅಕ್ಕ ನನ್ನ ಹಸಿರು ಟೋಪಿಯನ್ನು ಮೇಲಿನ ಕೊಂಬೆಗೆ ಸಿಕ್ಕಿಸಿದ್ದಾಳೆ. ಒಂದು ಹಕ್ಕಿಯೂ ಹೆದರಲಿಲ್ಲ. ನಿನ್ನೆಯಿಂದ ಎರಡು ಗುಬ್ಬಿಗಳು ಅದರೊಳಗೆ ಹುಲ್ಲು ತಂದು ಹಾಕುತ್ತಿವೆ.

ಗೂಡಿಗೂ ಅಂಥ ಟೋಪಿ ಇಡೀ ಬ್ರೂಕ್ಲಿನ್‌ನಲ್ಲಿ ಇನ್ನೊಂದಿಲ್ಲ.